ಡಂಗುರ ಮೇಸ್ತ್ರಿಯ ಬಾಯಿಗೆ ಬೀಗ

ನಮ್ಮ ಮನೆಯವರ ಹೊಟ್ಟೆಯಲ್ಲಿ ಊಟ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯ ಮೇಲಿನ ಸಿಟ್ಟಿಗೆ ಇವರ ಕಿವಿಯಲ್ಲಿ ಏನೋ ಅಂದಿದ್ದೆ. ಸಂಜೆಯೊಳಗೆ ಅದು ಅತ್ತೆಯ ಕಿವಿಗೇ ಬಿದ್ದಿತ್ತು. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ಒಳ್ಳೆಯದೋ ಕೆಟ್ಟದ್ದೋ, ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದಿದ್ದರೆ ಇವರಿಗೆ ಅಜೀರ್ಣ. ಮಾರ್ಕೆಟ್ಟಿನವರು ಇವರನ್ನು ಕರೆಯುವುದು ಡಂಗುರ ಮೇಸ್ತ್ರಿ ಅಂತ. ಅದು ತಮಾಷೆಗೆ ಇಟ್ಟ ಹೆಸರು ಎಂದು ಇವರಿಗೆ ಇವತ್ತಿಗೂ ಅನ್ನಿಸಿಲ್ಲ, ಬಿರುದು ಅಂದುಕೊಂಡಿದ್ದಾರೆ.

ಇಂಥವರು ಒಂದು ಗುಟ್ಟನ್ನು ಹೇಗೆ ಕಾಪಾಡಿದರು ಎಂಬುದನ್ನು ನಾನೇ ಹೇಳಬೇಕು. ಇವರು ಹೇಳಿದರೆ ಉಪ್ಪು ಖಾರ ಹೆಚ್ಚಾಗುತ್ತದೆ.

ಇವರ ಕೆಲಸ ಶಟರ್ ರಿಪೇರಿ. ಅಂಗಡಿಯ ಶಟರ್ ಅಂದರೆ ನೋಡುವವರಿಗೆ ಒಂದು ತಗಡಿನ ಬಾಗಿಲು, ಅಷ್ಟೇ. ಮೇಲೆ ಅದು ಸುತ್ತಿಕೊಳ್ಳುವ ಕೊಳವೆಯೊಳಗೆ ಸ್ಪ್ರಿಂಗು ಇರುತ್ತದೆ. ಬೆಳಿಗ್ಗೆ ಒಂದೇ ಕೈಯಲ್ಲಿ ಎತ್ತಿ ಒಗೆಯುತ್ತೀರಲ್ಲ, ನಿಜವಾಗಿ ಎತ್ತುವುದು ನೀವಲ್ಲ, ಆ ಸ್ಪ್ರಿಂಗು. ಅದು ಮುರಿದ ದಿನ ಇಡೀ ತಗಡಿನ ಭಾರ ದಬಕ್ಕನೆ ಕೆಳಗಿದ್ದವರ ಮೇಲೆ ಬರುತ್ತದೆ. ಇವರಿಗೆ ಕಸುಬು ಕಲಿಸಿದ ಹಿರಿಯ ಮೇಸ್ತ್ರಿಯ ಬಲಗೈ ಬೆರಳುಗಳು ಹೋದದ್ದು ಹಾಗೆಯೇ. ಆ ಕೈಯನ್ನು ನೋಡುತ್ತಲೇ ಇವರು ದೊಡ್ಡವರಾದರು.

ಆ ಹಿರಿಯರು ಕಸುಬಿನ ಜೊತೆ ಒಂದು ಪದ್ಧತಿಯನ್ನೂ ಕಲಿಸಿದ್ದರು. ರಿಪೇರಿ ಮುಗಿದ ಮೇಲೆ ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು, ಅವರ ಕಣ್ಣೆದುರಿಗೇ ಶಟರನ್ನು ಮೂರು ಸಲ ಎತ್ತಿ ಇಳಿಸಿ ತೋರಿಸಬೇಕು. ಬೇರೆ ಮೇಸ್ತ್ರಿ ಬಂದು ಕೇಳಿದರೆ ಅಳತೆಯನ್ನೂ ಬಿಚ್ಚಿ ಹೇಳಬೇಕು. ಮುಚ್ಚಿಟ್ಟು ಮಾಡಿದ ಕೆಲಸಕ್ಕೆ ಬೇಗ ತುಕ್ಕು ಹಿಡಿಯುತ್ತದೆ ಎನ್ನುತ್ತಿದ್ದರಂತೆ. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು.

ಬೀಳುವ ಶಟರನ್ನು ಹಿಡಿಯುವ ಉಪಾಯವೊಂದನ್ನು ಇವರು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿ, ಕೊನೆಗೆ ಮಾಡಿಯೇ ಬಿಟ್ಟರು. ಶಟರಿನ ಕೆಳಗಿನ ಪಟ್ಟಿಯ ಎರಡು ತುದಿಗೂ ಒಂದೊಂದು ಕಬ್ಬಿಣದ ಹಲ್ಲು. ಪಕ್ಕದ ಗೈಡಿನಲ್ಲಿ, ಅಂದರೆ ಶಟರ್ ಜಾರುವ ಕಬ್ಬಿಣದ ದಾರಿಯಲ್ಲಿ, ಸಾಲಾಗಿ ತೂತುಗಳು. ನಿಧಾನಕ್ಕೆ ಇಳಿಸಿದರೆ ಹಲ್ಲು ತನ್ನ ಪಾಡಿಗೆ ಮಡಚಿಕೊಂಡಿರುತ್ತದೆ. ವೇಗವಾಗಿ ಬಿದ್ದರೆ ಹೊರಗೆ ಚಿಮ್ಮಿ ತೂತಿಗೆ ಕಚ್ಚಿಕೊಳ್ಳುತ್ತದೆ, ಶಟರ್ ಗಾಳಿಯಲ್ಲೇ ನಿಲ್ಲುತ್ತದೆ. ಕರೆಂಟು ಬೇಡ, ಮೋಟಾರು ಬೇಡ. ಮೊದಲ ಸಲ ಅದು ನಿಂತಾಗ ನಾನು ಪಕ್ಕದಲ್ಲೇ ಇದ್ದೆ. ಇವರು ಹಿರಿಯ ಮೇಸ್ತ್ರಿಯನ್ನು ನೆನೆದು ಅತ್ತುಬಿಟ್ಟರು.

ಆಮೇಲೇನು, ಡಂಗುರ ಸಾರಿದ್ದೇ ಸಾರಿದ್ದು. ಮಾರ್ಕೆಟ್ಟಿನಲ್ಲಿ ಬೇಕರಿ ನಡೆಸುವಾಕೆಯ ಅಂಗಡಿಯ ಮುಂದೆ ಜನ ಸೇರಿಸಿ ಮೂರು ಸಲ ಬೀಳಿಸಿ ತೋರಿಸಿದರು. ಅಳತೆ ಕೇಳಿ ಬಂದ ಮೇಸ್ತ್ರಿಗಳಿಗೆ ಚಹಾ ಕೊಟ್ಟು ಚಿತ್ರ ಬರೆದುಕೊಟ್ಟರು. ಯಂತ್ರಗಳ ವಸ್ತುಪ್ರದರ್ಶನವೊಂದರಲ್ಲಿ ವೇದಿಕೆ ಹತ್ತಿ, ಹಲ್ಲನ್ನು ಬಿಡಿಸಿ, ಒಂದೊಂದು ಭಾಗವನ್ನೂ ಎತ್ತಿ ಹಿಡಿದು ವಿವರಿಸಿದರು. ಮುಂದಿನ ಸಾಲಿನಲ್ಲಿ ಕೂತು ಫೋಟೋ ತೆಗೆಯುತ್ತಿದ್ದವರಲ್ಲಿ ದೊಡ್ಡ ಶಟರ್ ಕಂಪನಿಯವರೂ ಇದ್ದರು. ಇವರು ಅವರಿಗೆ ಸರಿಯಾಗಿ ಕಾಣಲಿ ಎಂದು ಹಲ್ಲನ್ನು ಇನ್ನಷ್ಟು ಮುಂದಕ್ಕೆ ಹಿಡಿದರಂತೆ.

ಸ್ವಲ್ಪ ಕಾಲದಲ್ಲೇ ಆ ಕಂಪನಿಯ ಶಟರುಗಳಲ್ಲಿ ಅದೇ ಹಲ್ಲು ಬಂತು. ಇವರು ಅದನ್ನು ಅಂಗಡಿಯೊಂದರಲ್ಲಿ ಕಂಡು, ನನ್ನದು ಎಷ್ಟು ದೂರ ಹೋಗಿದೆ ನೋಡೇ ಎಂದು ಹಿಗ್ಗುತ್ತಾ ಬಂದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಅವತ್ತೇ ಇವರ ಕೈ ಹಿಡಿದು ಎಳೆದುಕೊಂಡು ವಕೀಲಮ್ಮನ ಬಳಿ ಹೋದೆ.

ವಕೀಲಮ್ಮ ಪೇಟೆಂಟ್ ಕೆಲಸದವರು. ವಯಸ್ಸಿನಲ್ಲಿ ನಮಗಿಂತ ಬಹಳ ಚಿಕ್ಕವರು. ಅವರ ಕಚೇರಿಯ ಶಟರ್ ನೋಡಿಕೊಳ್ಳುವುದು ಇವರೇ, ಹಾಗಾಗಿ ಪರಿಚಯ. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ತಣ್ಣಗೆ ನೀರು ಕೊಟ್ಟು, ಆಮೇಲೆ ವಿಷಯ ಬಿಡಿಸಿ ಹೇಳಿದರು. ಬುದ್ಧಿಯಿಂದ ಹುಟ್ಟಿದ್ದೂ ಒಂದು ಆಸ್ತಿಯೇ. ಪುಸ್ತಕ, ಹಾಡು, ಚಿತ್ರಗಳಿಗೆ ಕಾಪಿರೈಟ್. ಬರೆದ ಗಳಿಗೆಯಲ್ಲೇ ಅದು ಬರೆದವರದ್ದಾಗುತ್ತದೆ. ಅಂಗಡಿಯ ಹೆಸರು, ಗುರುತಿಗೆ ಟ್ರೇಡ್‌ಮಾರ್ಕ್. ಹೊಸ ಯಂತ್ರಕ್ಕೆ, ಹೊಸ ಉಪಾಯಕ್ಕೆ ಪೇಟೆಂಟ್. ಆದರೆ ಪೇಟೆಂಟ್ ತಾನಾಗಿ ಬರುವುದಿಲ್ಲ, ಅರ್ಜಿ ಹಾಕಿ ಕೇಳಬೇಕು. ಅದು ಉಪಯೋಗಕ್ಕೆ ಬರುವಂಥದ್ದಾಗಿರಬೇಕು, ಆ ಕಸುಬು ಬಲ್ಲ ಯಾರಿಗಾದರೂ ಸಲೀಸಾಗಿ ಹೊಳೆಯುವಂಥದ್ದಾಗಿರಬಾರದು, ಎಲ್ಲಕ್ಕಿಂತ ಮೊದಲು ಅದು ಹೊಸದಾಗಿರಬೇಕು. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ತೋರಿಸಿದವನು ಕಂಡುಹಿಡಿದವನೇ ಆದರೂ ಅಷ್ಟೇ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಅದೇ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹಾಗಾದರೆ ಆ ಕಂಪನಿಯವರು ಇವರ ಹಲ್ಲನ್ನು ತಮ್ಮದು ಅಂತ ಬರೆಸಿಕೊಂಡರೆ ಏನು ಗತಿ ಎಂದು ಕೇಳಿದೆ. ಅದೂ ಆಗುವುದಿಲ್ಲವಂತೆ. ಇವರು ಮೊದಲೇ ಎಲ್ಲರಿಗೂ ತೋರಿಸಿದ್ದರಿಂದ ಅದು ಯಾರಿಗೂ ಹೊಸದಲ್ಲ, ಈಗ ಯಾರು ಬೇಕಾದರೂ ಮಾಡಬಹುದು. ಅಷ್ಟು ಕೇಳಿದ್ದೇ ತಡ ಇವರ ಮುಖ ಅರಳಿತು. ಊರಿನ ಕೈಬೆರಳುಗಳೆಲ್ಲ ಉಳಿಯುತ್ತವಲ್ಲ, ಆಯ್ತು ಬಿಡೇ ಅಂದರು. ಆ ಮಾತಿಗೆ ನನಗೆ ಹೆಮ್ಮೆಯೂ ಆಯಿತು, ಇವರನ್ನು ಹಿಡಿದು ಬಡಿಯಬೇಕು ಅಂತಲೂ ಅನ್ನಿಸಿತು.

ಹೊರಡುವಾಗ ವಕೀಲಮ್ಮ ಇನ್ನೊಂದು ಮಾತು ಹೇಳಿದರು. ಪೇಟೆಂಟ್ ಅಂದರೆ ಮುಚ್ಚಿಡುವುದಲ್ಲ, ಅದೊಂದು ಒಪ್ಪಂದ. ಮಾಡುವ ವಿಧಾನವನ್ನು ನೀವು ಒಂದನ್ನೂ ಬಿಡದೆ ಬರೆದುಕೊಡಬೇಕು, ಲೋಕವೆಲ್ಲ ಅದನ್ನು ಓದಬಹುದು. ಅದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷ ನಿಮ್ಮನ್ನು ಕೇಳದೆ ಬೇರೆ ಯಾರೂ ಅದನ್ನು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಆಮೇಲೆ ಅದು ಎಲ್ಲರದ್ದು. ಇವರು ಬಾಗಿಲಲ್ಲೇ ನಿಂತುಬಿಟ್ಟರು. "ಅಂದ್ರೆ ಮೊದಲು ಬಾಯಿ ಮುಚ್ಚು, ಆಮೇಲೆ ಊರಿಗೆಲ್ಲ ಸಾರು. ಅಷ್ಟೇ ತಾನೇ?" ಎಂದು ಕೇಳಿದರು. ಅಷ್ಟೇ ಮೇಸ್ತ್ರಿಗಳೇ ಎಂದು ವಕೀಲಮ್ಮ ನಕ್ಕರು. ಎರಡನೆಯ ಅರ್ಧ ನನಗೆ ಚೆನ್ನಾಗಿ ಬರುತ್ತದೆ ಎಂದು ಇವರು ಗಂಭೀರವಾಗಿಯೇ ಹೇಳಿದರು.

ಹಲ್ಲಿನಲ್ಲಿ ಒಂದು ಕೊರತೆ ಇತ್ತು. ಕಚ್ಚಿದರೆ ಕಚ್ಚಿತು, ಮೇಸ್ತ್ರಿಯೇ ಬಂದು ಕಳಚುವವರೆಗೆ ಬಿಡುತ್ತಿರಲಿಲ್ಲ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅರ್ಧಕ್ಕೆ ನಿಂತ ಶಟರಿಗೆ ಬೀಗ ಹಾಕುವುದು ಹೇಗೆ? ಮೇಸ್ತ್ರಿ ಬರುವವರೆಗೆ ಅಂಗಡಿಯವರು ಸ್ಟೂಲು ಹಾಕಿಕೊಂಡು ಕಾವಲು ಕೂರಬೇಕು. ಬೇಕರಿಯಾಕೆ ಹಾಗೆ ಒಮ್ಮೆ ಕೂತು, ಇವರಿಗೆ ಮಂಗಳಾರತಿ ಮಾಡಿದ್ದರು. ಬಿಡಿಸುವುದಕ್ಕೆ ಇವರು ಎರಡು ಕಡೆಗೂ ಹಲ್ಲನ್ನು ಮೀಟುವ ಸನ್ನೆ ಹಾಕಿ ನೋಡಿದರು. ಒಂದು ಹಲ್ಲು ಬಿಟ್ಟರೆ ಇನ್ನೊಂದು ಬಿಡದು, ಶಟರ್ ಓರೆಯಾಗಿ ಸಿಕ್ಕಿಬೀಳುವುದು. ಹಿತ್ತಿಲಿನಲ್ಲಿ ನಿಲ್ಲಿಸಿದ್ದ ಚೌಕಟ್ಟಿನ ಮುಂದೆ ಇವರು ಮಂಕಾಗಿ ಕೂತಿದ್ದಾಗ ನಾನು ಸಾಮಾನು ತರಲು ಬಟ್ಟೆಚೀಲ ಹಿಡಿದು ಹೊರಟಿದ್ದೆ. ಕೈಯಲ್ಲಿದ್ದದ್ದನ್ನೇ ಎತ್ತಿ ತೋರಿಸಿದೆ. "ಒಂದು ಲಾಡಿ ಎಳೆದ್ರೆ ಚೀಲದ ಎರಡು ಬದಿಯೂ ಒಟ್ಟಿಗೇ ಬರುತ್ತಲ್ಲ ರೀ. ಹಲ್ಲಿಗೆ ಬೇರೆ ಬೇರೆ ಸನ್ನೆ ಯಾಕೆ?" ಅಂದೆ. ಇವರು ಚೀಲ ಕಿತ್ತುಕೊಂಡವರು ಅವತ್ತು ವಾಪಸ್ಸು ಕೊಡಲೇ ಇಲ್ಲ.

ಬಟ್ಟೆಯ ಲಾಡಿಯ ಜಾಗದಲ್ಲಿ ಉಕ್ಕಿನ ತಂತಿ ಬಂತು. ನಡುವೆ ಹಿಡಿದು ಎಳೆದರೆ ಎರಡು ಹಲ್ಲೂ ಒಂದೇ ಗಳಿಗೆಗೆ ಒಂದು ತೂತು ಬಿಟ್ಟು ಕೆಳಗಿನ ತೂತನ್ನು ಹಿಡಿಯುತ್ತವೆ. ಬಿದ್ದ ಶಟರ್ ಮೆಟ್ಟಿಲಿಳಿಯುವ ಮುದುಕನ ಹಾಗೆ ಮೆತ್ತಗೆ ನೆಲ ಮುಟ್ಟುತ್ತದೆ. ಒಳಗಿನಿಂದಲೂ ಎಳೆಯಬಹುದು, ಹೊರಗಿನಿಂದಲೂ. ವಕೀಲಮ್ಮ ಹಳೆಯ ಪೇಟೆಂಟುಗಳನ್ನೆಲ್ಲ ಜಾಲಾಡಿದರು. ಮೋಟಾರಿನ ಶಟರಿಗೆ ಬೇರೆ ಬೇರೆ ತಡೆಗಳಿದ್ದವು, ಕೈಯಲ್ಲಿ ಎಳೆಯುವ ಶಟರಿಗೆ ಹೀಗೆ ಹಿಡಿದು ಹೀಗೆ ಬಿಡುವುದು ಎಲ್ಲಿಯೂ ಸಿಗಲಿಲ್ಲ. ಅರ್ಜಿ ಹಾಕೋಣ, ಅಲ್ಲಿಯವರೆಗೆ ಯಾರಿಗೂ ತೋರಿಸಬೇಡಿ, ಯಾರಿಗೂ ಹೇಳಬೇಡಿ ಎಂದರು. ಹೇಳುವಾಗ ಇವರನ್ನಲ್ಲ, ನನ್ನನ್ನು ನೋಡುತ್ತಿದ್ದರು. ಕಂಡುಹಿಡಿದವರು ಯಾರು ಎಂದೂ ಅವತ್ತೇ ಕೇಳಿದರು. ಎಲ್ಲಾ ಇವರದೇ ಎಂದು ನಾನು ಹೇಳಿದೆ. ಇವರು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡರು. ಪರವಾಗಿಲ್ಲ, ಸುಮ್ಮನಿರುವುದನ್ನು ಅಭ್ಯಾಸ ಮಾಡುತ್ತಿದ್ದಾರೆ ಅಂದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಹೊರಗೆ ಆಡಲಾಗದ ಮಾತೆಲ್ಲ ಮನೆಗೆ ಬಂದು ನನ್ನ ಕಿವಿಗೆ ಸುರಿಯುತ್ತಿತ್ತು. ಪಾತ್ರೆ ತೊಳೆಯುವಾಗ ಹಲ್ಲು, ಬಟ್ಟೆ ಒಣಹಾಕುವಾಗ ತಂತಿ. ಮಾರ್ಕೆಟ್ಟಿನಲ್ಲಿ ಇವರು ಕೆಲಸ ಮುಗಿಸಿ ಸದ್ದಿಲ್ಲದೆ ಸ್ಪ್ಯಾನರ್ ಎತ್ತಿಕೊಂಡು ಹೊರಟರೆ ಜನಕ್ಕೆ ಗಾಬರಿ. ಕ್ಷೌರದವನು ಜ್ವರವಾ ಎಂದು ಹಣೆ ಮುಟ್ಟಿ ನೋಡಿದನಂತೆ. ಬೇಕರಿಯಾಕೆಯಂತೂ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮಿಬ್ಬರ ಮಧ್ಯೆ ಎಲ್ಲಾ ಸರಿ ಇದೆ ತಾನೇ ಎಂದು ಕೇಳಿಬಿಟ್ಟರು. ಸರಿ ಇದೆ, ಸ್ವಲ್ಪ ಗಂಟಲು ಕೆಟ್ಟಿದೆ ಎಂದೆ.

ಇಷ್ಟರಲ್ಲಿ ಅಂಗಡಿಗಳ ಸಂಘದವರು ಇಡೀ ಮಾರ್ಕೆಟ್ಟಿನ ಶಟರುಗಳಿಗೆ ಬೀಳದಂತೆ ತಡೆ ಹಾಕಿಸಬೇಕು ಎಂದು ತೀರ್ಮಾನ ಮಾಡಿದರು. ಯಾರದು ಒಳ್ಳೆಯದೋ ಅದನ್ನು ಎಲ್ಲ ಅಂಗಡಿಗೂ ಹಾಕಿಸುವುದು. ಬೇಕರಿಯ ಶಟರಿನ ಮೇಲೆ ಪರೀಕ್ಷೆ. ದೊಡ್ಡ ಕಂಪನಿಯವರೂ ಬರುತ್ತಾರೆ, ಇವರೂ ತೋರಿಸಬಹುದು. ವಕೀಲಮ್ಮನಿಗೆ ಹೇಳಿದಾಗ, ಆ ದಿನ ಬೆಳಿಗ್ಗೆಯೇ ತಾತ್ಕಾಲಿಕ ಅರ್ಜಿ ಹಾಕಿಬಿಡೋಣ, ಆ ತಾರೀಖು ನಿಮ್ಮದಾಗುತ್ತದೆ, ಪೂರ್ತಿ ಅರ್ಜಿಗೆ ಒಂದು ವರ್ಷ ಸಮಯ ಇರುತ್ತದೆ, ಸಂಜೆಯ ಪರೀಕ್ಷೆಯಲ್ಲಿ ಧಾರಾಳವಾಗಿ ತೋರಿಸಿ ಎಂದರು. ಪರೀಕ್ಷೆಯ ದಿನ ಬೆಳಿಗ್ಗೆ ಇವರು ಹೊಸ ಹಲ್ಲನ್ನು ಚೀಲಕ್ಕೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದರು. ನಾನು ವಕೀಲಮ್ಮನ ಕಚೇರಿಗೆ ಹೋದೆ.

ವಕೀಲಮ್ಮ ಕಂಪ್ಯೂಟರಿನಲ್ಲಿ ಅರ್ಜಿ ಕಳಿಸಲು ಕೂತಿದ್ದರು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಇವರ ಫೋನು ಬಂತು. ಪಿಸುದನಿ.

"ಕಂಪನಿಯವರು ಸಂಜೆ ಬಿಟ್ಟು ಬೆಳಿಗ್ಗೇನೇ ಬಂದ್ಬಿಟ್ಟಿದ್ದಾರೆ ಕಣೇ. ಅವರ ಹಲ್ಲು ಶಟರನ್ನ ಹಿಡೀತು, ಆದ್ರೆ ಬಿಡ್ತಾ ಇಲ್ಲ. ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ. ಚೀಲ ಕಾಲ ಹತ್ರಾನೇ ಇದೆ. ತೆಗೀಲಾ?"

"ಅರ್ಜಿ ಇನ್ನೂ ಹೋಗಿಲ್ಲ. ಹೋದ್ಮೇಲೆ ಹೇಳ್ತೀನಿ. ಅಲ್ಲೀವರೆಗೂ ಹಲ್ಲಿನ ಸುದ್ದಿ ಎತ್ತಬೇಡಿ."

"ಸುಮ್ನೆ ನಿಂತ್ಕೊಳ್ಳೋಕೆ ನನಗೆ ಬರಲ್ವಲ್ಲೇ."

"ಸುಮ್ನಿರಿ ಅಂತ ಯಾರು ಹೇಳಿದ್ರು? ಅದೊಂದು ಬಿಟ್ಟು ಪ್ರಪಂಚದಲ್ಲಿರೋದೆಲ್ಲ ಮಾತಾಡಿ."

ಫೋನನ್ನು ಕಟ್ ಮಾಡದೆ ಇವರು ಜೇಬಿಗೆ ಹಾಕಿಕೊಂಡರು. ನಾನು ನನ್ನದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಕಂಪನಿಯವನು ಕಬ್ಬಿಣದ ಸಲಾಕೆ ಹಾಕಿ ಮೀಟುವ ಸದ್ದು ಕೇಳಿಸುತ್ತಿತ್ತು. ಸಂಘದ ಅಧ್ಯಕ್ಷರು ಇವರನ್ನು ಕೇಳಿದರು, ಮೇಸ್ತ್ರಿ, ನಿಮ್ಮ ಹತ್ತಿರ ಏನಾದರೂ ಇದ್ದರೆ ತೋರಿಸಿ, ಇಲ್ಲದಿದ್ದರೆ ಕಂಪನಿಯವರಿಗೇ ಒಪ್ಪಿಸುತ್ತೇವೆ, ಬಿಡಿಸುವ ವಿಷಯ ಅವರು ಆಮೇಲೆ ಸರಿಮಾಡಿಕೊಡುತ್ತಾರಂತೆ ಎಂದು. ಚೀಲಕ್ಕೆ ಕೈ ಹಾಕಿದರೆ ಹಲ್ಲು ಹೋಯಿತು, ಹಾಕದಿದ್ದರೆ ಮಾರ್ಕೆಟ್ಟು ಹೋಯಿತು. ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

ಇವರು ಗಂಟಲು ಸರಿಮಾಡಿಕೊಂಡರು. ಸ್ವಲ್ಪ ತಾಳಿ ಎಂದರು. ಆಮೇಲೆ ಶುರುಮಾಡಿದರು ನೋಡಿ. ಹಿರಿಯ ಮೇಸ್ತ್ರಿಯ ಬೆರಳಿನ ಕಥೆ ಬಂತು. ಶಟರಿನೊಳಗೆ ಗೂಡು ಕಟ್ಟಿದ ಹಕ್ಕಿಗಾಗಿ ಅಂಗಡಿಯನ್ನೇ ತೆರೆಯದ ದರ್ಜಿಯ ಕಥೆ ಬಂತು. ನಮ್ಮಪ್ಪನ ಗೊರಕೆ ಬಂತು. ಮದುವೆಯ ಮಾರನೆಯ ದಿನ ನಾನು ಸಕ್ಕರೆಯ ಬದಲು ಉಪ್ಪು ಹಾಕಿದ ಚಹಾ ಬಂತು, ಇವರು ಅದನ್ನು ಕುಡಿದು ಚೆನ್ನಾಗಿದೆ ಅಂದದ್ದೂ ಬಂತು. ವಕೀಲಮ್ಮ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡೇ ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಕೂತಿದ್ದೆ. ಕಂಪನಿಯವನಿಗೆ ಅನುಮಾನ ಬಂದಿರಬೇಕು, ಚೀಲದಲ್ಲಿ ಏನಿದೆ ಎಂದು ಕೇಳಿದ. "ನಮ್ಮನೆಯವಳು ಕಟ್ಟಿಕೊಟ್ಟಿದ್ದು. ಹೊತ್ತಿಗೆ ಮುಂಚೆ ಬಿಚ್ಚಿದ್ರೆ ಬೈತಾಳೆ" ಎಂದರು ಇವರು. ಜನ ನಕ್ಕರು.

ಒಮ್ಮೆ ಮಾತ್ರ ಮಾತು ನಿಂತಿತು. ಬೇಕರಿಯಾಕೆ, ನಿಮ್ಮ ಬಳಿ ನಿಜವಾಗಿಯೂ ಏನೂ ಇಲ್ಲವಾ ಮೇಸ್ತ್ರಿ, ನಿಮ್ಮನ್ನೇ ನಂಬಿಕೊಂಡಿದ್ದೆ ಎಂದರು. ನಂಬಿದವರ ಮುಂದೆ ಕೈ ಕಟ್ಟಿ ನಿಲ್ಲುವುದು ಇವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆ ಕ್ಷಣದಲ್ಲಿ ತೆಗೆದುಬಿಡಿ ರೀ ಎಂದು ನಾನೇ ಕೂಗುವುದರಲ್ಲಿದ್ದೆ. ಇವರು ನಿಧಾನಕ್ಕೆ, ಅಮ್ಮಾ, ಇನ್ನೊಂದು ಕಥೆ ಇದೆ, ಅದನ್ನು ಕೇಳಿ ಆಮೇಲೆ ಬೈಯಿರಿ ಎಂದರು.

ಆ ಕಥೆ ಮುಗಿಯುವ ಮೊದಲೇ ಚಕ್ರ ನಿಂತಿತು. ಪರದೆಯ ಮೇಲೆ ಅರ್ಜಿಯ ನಂಬರು, ತಾರೀಖು ಬಂತು. ವಕೀಲಮ್ಮ ತಲೆ ಆಡಿಸಿದರು.

"ರೀ, ಬಂತು. ಈಗ ಸಾರಿ ನಿಮ್ಮ ಡಂಗುರ" ಎಂದು ಇವರ ಜೇಬಿಗೆ ಕೇಳಿಸುವ ಹಾಗೆ ಫೋನಿನಲ್ಲಿ ಕೂಗಿದೆ.

ಇವರು ಒಂದು ಮಾತೂ ಆಡಲಿಲ್ಲ. ಕಥೆಯನ್ನು ಅರ್ಧಕ್ಕೇ ಬಿಟ್ಟರು. ಚೀಲ ಬಿಚ್ಚಿದ ಸದ್ದು ಕೇಳಿಸಿತು, ಕಂಪನಿಯ ಹಲ್ಲು ಕಳಚಿ ತಮ್ಮದನ್ನು ಕೂರಿಸುವ ಸ್ಪ್ಯಾನರಿನ ಸದ್ದು ಕೇಳಿಸಿತು. ಜನ ಗುಸುಗುಸು ಅನ್ನುತ್ತಿದ್ದರು. ಬಹಳ ಹೊತ್ತಿನ ಮೇಲೆ ಶಟರ್ ದಡದಡ ಬೀಳುವ ಸದ್ದು, ಫಟ್ಟನೆ ನಿಂತ ಸದ್ದು. ಆಮೇಲೆ ಟಿಕ್, ಟಿಕ್, ಟಿಕ್ ಎಂದು ಅದು ಒಂದೊಂದೇ ತೂತು ಇಳಿದು ನೆಲ ಮುಟ್ಟಿತು. ಹಿರಿಯರು ಕಲಿಸಿದ ಪದ್ಧತಿಯಂತೆ ಇನ್ನೆರಡು ಸಲ. ಮೂರನೆಯ ಸಲ ಲಾಡಿ ಎಳೆದದ್ದು ಬೇಕರಿಯಾಕೆಯಂತೆ. ಚಪ್ಪಾಳೆಗೆ ಫೋನು ಮೇಜಿನ ಮೇಲೆ ನಡುಗಿತು.

ಎಲ್ಲ ಅಂಗಡಿಗೂ ಇದನ್ನೇ ಹಾಕಿಸೋಣ ಎಂದ ಅಧ್ಯಕ್ಷರು, ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ಆಗ ಇವರು ಬಾಯಿಬಿಟ್ಟರು.

"ಹಲ್ಲು ನಂದು. ಲಾಡಿ ನಮ್ಮನೆಯವಳದು. ಅದಿಲ್ದೆ ಇದ್ರೆ ಇದೂ ಕಚ್ಚಿಕೊಂಡೇ ನಿಂತಿರ್ತಿತ್ತು. ಅರ್ಜೀಲೂ ಇಬ್ಬರ ಹೆಸರೂ ಹಾಕ್ಸಿದೀನಿ."

ನಾನು ವಕೀಲಮ್ಮನ ಮುಖ ನೋಡಿದೆ.

"ಹೌದು, ಮೇಸ್ತ್ರಿಗಳು ಒಬ್ಬರೇ ಬಂದು ಹೇಳಿ ಹೋಗಿದ್ರು" ಎಂದರು ಅವರು. "ಕಂಡುಹಿಡಿದವರಲ್ಲಿ ಯಾರನ್ನೂ ಬಿಡೋ ಹಾಗಿಲ್ಲ, ಕಾನೂನೇ ಹಾಗಿದೆ. ನಿಮಗೆ ಗೊತ್ತಾದ್ರೆ ಬೇಡ ಅಂತ ಜಗಳ ತೆಗೀತೀರಿ, ಅರ್ಜಿ ಹೋಗೋವರೆಗೂ ಹೇಳಬೇಡಿ ಅಂದಿದ್ರು."

ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ ಎರಡು ಗುಟ್ಟು ಇಟ್ಟುಕೊಂಡು ಓಡಾಡಿದ್ದರು. ಒಂದನ್ನು ಊರಿನಿಂದ, ಒಂದನ್ನು ನನ್ನಿಂದ. ಅದೂ ಪಾತ್ರೆ ತೊಳೆಯುವಾಗಲೆಲ್ಲ ನನ್ನ ಪಕ್ಕದಲ್ಲೇ ನಿಂತುಕೊಂಡು. ಜೇಬಿನಿಂದ ಫೋನು ತೆಗೆದು, ಕೇಳಿಸ್ತೇನೇ, ಏನಾದರೂ ಹೇಳೇ ಎಂದರು. ಮನೆಗೆ ಬನ್ನಿ, ನಿಮಗಿದೆ ಎಂದು ಫೋನಿಟ್ಟು, ನನ್ನ ಬಟ್ಟೆಚೀಲ ಎತ್ತಿಕೊಂಡು ಎದ್ದೆ.

ಪೂರ್ತಿ ಅರ್ಜಿ, ಪೇಟೆಂಟ್ ಕಚೇರಿಯ ಪರೀಕ್ಷಕರ ಪ್ರಶ್ನೆಗಳು, ಉತ್ತರಗಳು ಎಲ್ಲ ಮುಗಿದು ಪೇಟೆಂಟ್ ಕೈಗೆ ಬರಲು ಇನ್ನೂ ವರ್ಷಗಳು ಹಿಡಿದವು. ಅದು ಬಂದಾಗಲೂ ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಹೆಮ್ಮೆಯ ದಿನ ಅಂದರೆ ಅವತ್ತಿನದೇ. ವಕೀಲಮ್ಮನ ಕಚೇರಿಯಿಂದ ಇಳಿದವಳು ಮೊದಲು ಕೆಳಗಿನ ಕಾವಲಿನವನಿಗೆ ಹೇಳಿದೆ. ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ನನ್ನ ಬಟ್ಟೆಚೀಲದ ಲಾಡಿ ಎಳೆದು ತೋರಿಸಿದೆ. ನಮ್ಮ ಬೀದಿಯಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿಕೊಂಡು ಬಂದೆ. ಅರ್ಜಿ ಹೋಗಿತ್ತಲ್ಲ, ಇನ್ನು ಯಾರಿಗೆ ಬೇಕಾದರೂ ಹೇಳಬಹುದಿತ್ತು.